ಭಾವನವರ ಪಾದಸೇವೆ

ನೆಂಟರಲ್ಲಿ ಒಬ್ಬೊಬ್ಬರ ಕಣ್ಣು ಒಂದೊಂದು ಕಡೆ. ಚಿಕ್ಕಮ್ಮನ ಕಣ್ಣು ಹೋಗುವುದು ಕತ್ತಿನ ಸರದ ಮೇಲೆ, ದೊಡ್ಡಪ್ಪನದು ಎದುರಿನವರ ಹೊಟ್ಟೆಯ ಮೇಲೆ, ಸೋದರತ್ತೆಯದು ಮದುವೆಯಾಗದ ಹುಡುಗರ ತಲೆಯಲ್ಲಿ ಉಳಿದಿರುವ ಕೂದಲಿನ ಮೇಲೆ. ನಮ್ಮ ಅಕ್ಕನ ಗಂಡ, ಅಂದರೆ ಭಾವನವರು, ಬಾಗಿಲಿಗೆ ಬಂದವರ ಮುಖ ನೋಡುವ ಮೊದಲು ಕಾಲು ನೋಡುತ್ತಾರೆ. "ಬಂದ್ಯಾ, ಬಾ" ಎನ್ನುವುದು ಆಮೇಲೆ. ನೀವು ಹೊರಗೆ ಬಿಟ್ಟ ಚಪ್ಪಲಿಯನ್ನು ಕೈಗೆತ್ತಿಕೊಂಡು, ಮಗುಚಿ, ಅಟ್ಟೆ ಎಲ್ಲಿ ಸವೆದಿದೆ ಎಂದು ಪರೀಕ್ಷಿಸಿ, "ಒಳಗಡೆ ಜಾಸ್ತಿ ಸವೆದಿದೆ. ಮಂಡಿ ನೋವು ಶುರುವಾಗಿರ್ಬೇಕಲ್ಲ?" ಎನ್ನುತ್ತಾರೆ. ಶುರುವಾಗಿರುತ್ತದೆ. ಸಿಟ್ಟು ಬರುವುದು ಅದಕ್ಕೇ.

ಈ ತಳಿಯವರು ಎಲ್ಲ ಊರುಗಳಲ್ಲೂ ಇದ್ದಾರೆ. ಬೆಳಗಿನ ವಾಕಿಂಗ್‌ನಲ್ಲಿ ಹಿಂದಿನಿಂದ ಬಂದು, ನಿಮ್ಮ ನಡಿಗೆಯ ಸದ್ದು ಕೇಳಿಯೇ ಹಿಮ್ಮಡಿ ನೋವೋ ಬೆರಳ ಬುಡದ ನೋವೋ ಎಂದು ತೀರ್ಪು ಕೊಡುವವರು ಇವರೇ. ಆರತಕ್ಷತೆಯಲ್ಲಿ ಹೈಹೀಲ್ಸ್ ಮೇಲೆ ಗಂಟೆಗಟ್ಟಲೆ ನಿಂತ ಮದುಮಗಳ ಕೈಗೆ ಕವರು ಕೊಡುತ್ತಾ, ಫೋಟೋಗೆ ನಗುತ್ತಲೇ, "ಹಿಮ್ಮಡಿ ಎತ್ತರವಾದಷ್ಟೂ ಭಾರವೆಲ್ಲ ಮುಂದಕ್ಕೆ ಬೀಳತ್ತಮ್ಮ. ಸೋಫಾ ಹಿಂದೆ ಬಿಟ್ಬಿಡು, ಸೀರೆ ಮುಚ್ಚತ್ತೆ" ಎಂದು ಪಿಸುಗುಟ್ಟುವವರೂ ಇವರೇ. ಭಾವನವರು ಹಾಗೆ ಪಿಸುಗುಟ್ಟುತ್ತಿರುವ ಫೋಟೋ ಒಂದು ಮದುವೆಯ ಆಲ್ಬಮ್‌ನಲ್ಲಿ ಉಳಿದಿದೆ. ಆ ಹುಡುಗಿಯ ಮುಖದಲ್ಲಿ ಅಷ್ಟು ಕೃತಜ್ಞತೆ ತಾಳಿ ಕಟ್ಟಿಸಿಕೊಳ್ಳುವಾಗಲೂ ಕಾಣುವುದಿಲ್ಲ.

ಪಾದರಕ್ಷೆಗಳ ಬಗ್ಗೆ ಅವರ ತೀರ್ಮಾನಗಳಿಗೆ ಅಪೀಲಿಲ್ಲ. ಹವಾಯಿ ಚಪ್ಪಲಿ ಬಚ್ಚಲಿಗೆ ಮಾತ್ರ. ಅದು ಜಾರದಂತೆ ಬೆರಳುಗಳು ಸದಾ ಬಿಗಿಹಿಡಿದಿರಬೇಕಾಗುತ್ತದೆ, ಹಿಡಿದಷ್ಟೂ ಬುಡದ ಮೂಳೆಗಳು ನೆಲಕ್ಕೆ ಒತ್ತುತ್ತವೆ. ಚೂಪು ಮೂತಿಯ ಶೂ ಶತ್ರುವಿಗೂ ಬೇಡ. ಅಥಣಿಯಲ್ಲಿ ಕೈಯಿಂದ ಹೊಲಿದ ಕೊಲ್ಹಾಪುರಿ ಕಂಡರೆ ಮಾತ್ರ ಅವರಿಗೆ ಭಕ್ತಿ. ಅದರ ಜಿಐ ಟ್ಯಾಗ್‌ನಲ್ಲಿ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳಿದ್ದರೆ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಸೇರಿ ನಮ್ಮವೂ ನಾಲ್ಕು ಎಂದು ಹೆಮ್ಮೆಯಿಂದ ಹೇಳುತ್ತಾರೆ. ಉಂಗುಷ್ಟವನ್ನು ಸವರುತ್ತಾರೆ. ಸವರಿ, "ಆದ್ರೆ ಇದು ನಿನಗಲ್ಲ. ಅಟ್ಟೆ ಗಟ್ಟಿ, ನಿನ್ನ ಕಾಲು ತಡೆಯಲ್ಲ" ಎಂದು ವಾಪಸ್ ಇಡುತ್ತಾರೆ.

ನಾನು ಅವರ ಕೈಗೆ ಸಿಕ್ಕಿಬಿದ್ದದ್ದು ಬಲಗಾಲಿನ ದೆಸೆಯಿಂದ. ಹೆಜ್ಜೆ ಊರಿದಾಗಲೆಲ್ಲ ಬೆರಳುಗಳ ಬುಡದಲ್ಲಿ ಕಡಲೆಕಾಳು ಸಿಕ್ಕಿಕೊಂಡ ಹಾಗೆ ಚುಚ್ಚುತ್ತಿತ್ತು. ಚಪ್ಪಲಿ ಕೊಡವಿದರೆ ಏನೂ ಇಲ್ಲ. ಮೂಳೆ ಡಾಕ್ಟರು ಒತ್ತಿ ನೋಡಿ, ಮೆಟಟಾರ್ಸಾಲ್ಜಿಯಾ ಎಂದರು. ಬೆರಳುಗಳ ಹಿಂದಿನ ಐದು ಉದ್ದ ಮೂಳೆಗಳ ತುದಿಗೆ ಅತಿಭಾರ ಬಿದ್ದಿದೆಯಂತೆ. ವಯಸ್ಸಾಗುತ್ತಾ ಅಂಗಾಲಿನ ಕೊಬ್ಬಿನ ಮೆತ್ತೆ ತೆಳ್ಳಗಾಗುತ್ತದಂತೆ. ಕೊಬ್ಬು ಕರಗಲಿ ಎಂದು ನಾನು ಹರಕೆ ಹೊತ್ತದ್ದು ಬೇರೆ ಜಾಗಕ್ಕೆ. "ಒಳ್ಳೆ ಶೂ ಹಾಕಿ" ಎಂದರು ಡಾಕ್ಟರು. ಒಳ್ಳೆಯದೆಂದರೆ ಯಾವುದು ಎಂದು ಕೇಳುವಷ್ಟರಲ್ಲಿ ಮುಂದಿನ ಟೋಕನ್ ಕೂಗಿಯಾಗಿತ್ತು.

ಅಕ್ಕನಿಗೆ ಫೋನಿನಲ್ಲಿ ಬಾಯಿತಪ್ಪಿ ಹೇಳಿದೆ. ಶನಿವಾರ ಭಾವನವರು ಮೈಸೂರಿನ ದೇವರಾಜ ಅರಸು ರಸ್ತೆಯಲ್ಲಿ ನನಗಾಗಿ ಕಾಯುತ್ತಿದ್ದರು. ಸಂಜೆ ಆರರ ನಂತರವೇ ಬರಬೇಕೆಂದು ಅಪ್ಪಣೆಯಾಗಿತ್ತು. "ಹೊತ್ತು ಇಳೀತಾ ಕಾಲು ಊದತ್ತೆ ಕಣಯ್ಯಾ. ಬೆಳಿಗ್ಗೆ ಕೊಂಡ ಶೂ ಸಂಜೆಗೆ ಬಿಗಿಯಾಗತ್ತೆ."

ಅಂಗಡಿಯ ಹುಡುಗ ನನ್ನ ಸೈಜು ಕೇಳಿದ. ಎಂಟು ಎಂದೆ.

"ಯಾವ ಕಾಲದ ಎಂಟು ಅದು?" ಎಂದರು ಭಾವನವರು. "ನಿನ್ನ ಮದುವೆ ಟೈಮಿನದು. ಪಾದ ಅಲ್ಲಿಗೇ ನಿಂತಿರತ್ತಾ? ಅಗಲವಾಗಿರತ್ತೆ." ಚೀಲದಿಂದ ಹಳೆಯ ಕ್ಯಾಲೆಂಡರಿನ ಹಾಳೆಯೊಂದನ್ನು ತೆಗೆದು ನೆಲದ ಮೇಲೆ ಹಾಸಿದರು. ನಾನು ಕಾಲುಚೀಲ ಬಿಚ್ಚಿ ಅದರ ಮೇಲೆ ನಿಲ್ಲಬೇಕಾಯಿತು. ಅವರು ಮೊಣಕಾಲೂರಿ ಕೂತು ಪೆನ್ಸಿಲಿನಿಂದ ಪಾದದ ಸುತ್ತ ಗೆರೆ ಎಳೆಯತೊಡಗಿದರು. ಕಚಗುಳಿ ತಡೆಯಲಾರದೆ ನಾನು ಕಿಸಕ್ಕೆಂದೆ. ಹಿರಿಯರೊಬ್ಬರು ಕಾಲ ಬಳಿ ಕೂತಿರುವುದೂ, ನಿಂತವನು ನಗುತ್ತಿರುವುದೂ ಸೇರಿ ಅಂಗಡಿಯಲ್ಲಿ ಸಣ್ಣ ಗುಂಪು ಕೂಡಿತು.

ಆಮೇಲೆ ಹುಡುಗನ ಸರದಿ. ಅವನು ತಂದ ಮೊದಲ ಶೂವನ್ನು ಹಾಳೆಯ ಮೇಲಿಟ್ಟರೆ ನನ್ನ ಕಿರುಬೆರಳಿನ ಗೆರೆ ಹೊರಗೇ ಉಳಿಯಿತು. "ತಮ್ಮಾ, ಈ ಬೆರಳು ಎಲ್ಲಿ ಸಂಸಾರ ಮಾಡ್ಬೇಕು?" ಎಂದು ವಾಪಸ್ ಕಳಿಸಿದರು. ಎರಡನೆಯದನ್ನು ತುದಿ ಹಿಮ್ಮಡಿ ಹಿಡಿದು ಬಗ್ಗಿಸಿದರು, ನಟ್ಟನಡುವೆ ಮಡಚಿಕೊಂಡಿತು. "ಪಾದ ಮಡಿಸೋದು ಬೆರಳ ಬುಡದಲ್ಲಿ. ಶೂನೂ ಅಲ್ಲೇ ಮಡಿಸ್ಬೇಕು." ಮೂರನೆಯದನ್ನು ಎರಡೂ ಕೈಯಲ್ಲಿ ಹಿಂಡಿದರು, ಪೂರ್ತಿ ತಿರುಚಿಕೊಂಡಿತು. ಅದೂ ಹೋಯಿತು. ನಾಲ್ಕನೆಯದರ ಹಿಂಭಾಗವನ್ನು ಹೆಬ್ಬೆರಳಲ್ಲಿ ಒತ್ತಿದರು, ಒಳಕ್ಕೆ ಕುಸಿಯಿತು. ಡಬ್ಬಿಗಳು ನನ್ನ ಸೊಂಟದವರೆಗೆ ಏರಿದವು. ಒಬ್ಬ ಹೆಂಗಸು ತಾನು ಕೊಳ್ಳಲಿದ್ದ ಚಪ್ಪಲಿಯನ್ನು ಭಾವನವರ ಕೈಗೇ ಕೊಟ್ಟು, "ಇದನ್ನೂ ಒಂಚೂರು ಬಗ್ಗಿಸಿ ನೋಡಿ ಸಾರ್" ಎಂದರು. ಅವರ ಹಿಂದೆ ಇನ್ನಿಬ್ಬರು ನಿಂತರು.

ಗಲ್ಲಾಪೆಟ್ಟಿಗೆ ಬಿಟ್ಟು ಮಾಲೀಕರೇ ಎದ್ದು ಬಂದರು. ಇನ್ನು ಜಗಳವೇ ಗತಿ ಎಂದುಕೊಂಡು ನಾನು ಒಂದು ಕಾಲಿಗೆ ಕಾಲುಚೀಲ ಏರಿಸತೊಡಗಿದೆ. ಅವರು ಗುಂಪನ್ನು ನೋಡಿದರು, ಡಬ್ಬಿಗಳನ್ನು ನೋಡಿದರು, ಭಾವನವರನ್ನು ನೋಡಿದರು. ಮೆಲ್ಲಗೆ ತಮ್ಮ ಎಡಗಾಲಿನ ಶೂ ಬಿಚ್ಚಿ, "ಇಡೀ ದಿನ ನಿಂತಿರ್ತೀನಿ ಸಾರ್. ಇಲ್ಲಿ, ಈ ಬುಡದಲ್ಲಿ ಉರಿ" ಎಂದರು.

ನಾವು ಹೊರಡುವಾಗ ರಾತ್ರಿ ಶಟರ್ ಅರ್ಧ ಇಳಿದಿತ್ತು. ಕೊನೆಗೆ ಸಿಕ್ಕಿದ ಶೂ ಸಕಲ ಪರೀಕ್ಷೆಗಳಲ್ಲೂ ಪಾಸು. ಮುಂಭಾಗ ಅಗಲ, ಉದ್ದನೆಯ ಬೆರಳಿನ ಮುಂದೆ ಹೆಬ್ಬೆರಳಗಲ ಜಾಗ, ದಪ್ಪ ಅಟ್ಟೆ, ಹೆಜ್ಜೆ ತಾನೇ ಮುಂದಕ್ಕೆ ಉರುಳುವಂತೆ ಮೂತಿಯಲ್ಲಿ ಸ್ವಲ್ಪ ಮೇಲೆದ್ದ ಬಾಗು. ಒಳಗೆ ಭಾವನವರು ಒಂದು ಪುಟ್ಟ ಮೆತ್ತೆ ಅಂಟಿಸಿದರು. ನಾನು ನೋಯುವ ಜಾಗ ತೋರಿಸಿದರೆ, ಅವರು ಅದಕ್ಕಿಂತ ಹಿಂದೆ ಅಂಟಿಸಿದರು. "ನೋವಿನ ಕೆಳಗೇ ಇಟ್ರೆ ಇನ್ನೂ ಒತ್ತತ್ತೆ. ಹಿಂದೆ ಇಟ್ರೆ ಮೂಳೆ ಮೇಲೆದ್ದು ಹರಡ್ಕೊಳ್ಳತ್ತೆ." ಎಲ್ಲ ಸರಿ, ಆದರೆ ನನ್ನ ಸೈಜಿನಲ್ಲಿ ಇದ್ದದ್ದು ಗಿಣಿಹಸಿರು ಬಣ್ಣ ಮಾತ್ರ. "ಬಣ್ಣ ಕಾಲಿಗೆ ಗೊತ್ತಾಗಲ್ಲ ಬಿಡು" ಎಂದರು. ಕಾಲಿಗೆ ಗೊತ್ತಾಗಲಿಲ್ಲ. ಆಫೀಸಿನಲ್ಲಿ ಗೊತ್ತಾಗದವರು ಯಾರೂ ಉಳಿಯಲಿಲ್ಲ. ಕೆಲವು ವಾರಗಳಲ್ಲಿ ನೋವು ಬಹುಮಟ್ಟಿಗೆ ತಗ್ಗಿತು. ಭಾವನವರಿಗೆ ಅದನ್ನು ನಾನಿನ್ನೂ ಹೇಳಿಲ್ಲ. ಹೇಳಿದರೆ ನನ್ನ ಮಕ್ಕಳನ್ನು ಹಿಡಿದುಕೊಳ್ಳುತ್ತಾರೆ.

ಇವರಿಗೆ ಈ ವಿದ್ಯೆ ಎಲ್ಲಿಂದ ಬಂತು? ಭಾವನವರು ಬಸ್ ಕಂಡಕ್ಟರಾಗಿದ್ದರು. ಶಿರಾಡಿ ಘಾಟಿಯ ತಿರುವುಗಳಲ್ಲಿ ಒಂದು ಕೈಯಲ್ಲಿ ಟಿಕೆಟು, ಇನ್ನೊಂದರಲ್ಲಿ ಚಿಲ್ಲರೆ. ಕಂಬ ಹಿಡಿಯಲು ಮೂರನೆಯ ಕೈಯಿಲ್ಲ. ಬೆರಳ ಬುಡದ ಮೇಲೆ ಭಾರ ಹಾಕಿಯೇ ಬೀಳದೆ ನಿಲ್ಲಬೇಕು. ಹಾಗೆ ನಿಂತೇ ಸರ್ವೀಸು ಮುಗಿಸಿದವರು. ಅವರ ಅಂಗಾಲಿನಲ್ಲಿ ಆಣಿಗಳು ಈಗಲೂ ಇವೆ. ಆಗ ಯಾಕೆ ಯಾರಿಗೂ ಹೇಳಲಿಲ್ಲ ಎಂದರೆ, "ಕಂಡಕ್ಟರ್ ಕಾಲು ನೋವು ಅಂದ್ರೆ ಪ್ಯಾಸೆಂಜರ್ ನಗ್ತಾರೆ ಕಣಯ್ಯಾ" ಎನ್ನುತ್ತಾರೆ.

ನೋವನ್ನು ಅವರು ಬೈಯುವುದಿಲ್ಲ. ಅದಕ್ಕೆ ಅವರಲ್ಲಿ ಒಂದು ಕಥೆಯಿದೆ. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿದ್ದ ಡಾ. ಪಾಲ್ ಬ್ರ್ಯಾಂಡ್ ಕುಷ್ಠರೋಗಿಗಳ ಪಾದಗಳಲ್ಲಿ ಹುಣ್ಣು ಯಾಕೆ ಮಾಯುವುದಿಲ್ಲ ಎಂದು ವರ್ಷಗಟ್ಟಲೆ ಹುಡುಕಿದರು. ಪಾದಕ್ಕೆ ಸ್ಪರ್ಶ ತಿಳಿಯದು. ಮೊಳೆ ಚುಚ್ಚಿದರೂ ಆ ಮನುಷ್ಯ ಅದೇ ಕಾಲೂರಿ ನಡೆಯುತ್ತಾನೆ. ಅಂಥ ಪಾದಗಳನ್ನು ಕಾಪಾಡಲು ಅಲ್ಲಿ ನಡೆದ ಪ್ರಯೋಗಗಳಲ್ಲೇ ಮೈಕ್ರೋಸೆಲ್ಯುಲಾರ್ ರಬ್ಬರಿನ ಅಟ್ಟೆ ಬಳಕೆಗೆ ಬಂತು. ಇವತ್ತು ಸಕ್ಕರೆ ಕಾಯಿಲೆಯವರು ಕೇಳಿ ಕೊಳ್ಳುವ ಎಂಸಿಆರ್ ಚಪ್ಪಲಿ ಅದೇ. ನೋವಿಗೆ ಕೃತಜ್ಞರಾಗಿರಬೇಕೆಂದು ಆ ಡಾಕ್ಟರು 1993ರಲ್ಲಿ ಒಂದು ಪುಸ್ತಕವನ್ನೇ ಬರೆದರು. ಹಾಗಾಗಿ ನೀವು ಕುಂಟುತ್ತಾ ಹೋದರೆ ಭಾವನವರು ಅಯ್ಯೋ ಎನ್ನುವುದಿಲ್ಲ. "ನೋಯ್ತಿದೆಯಾ? ಪುಣ್ಯವಂತ" ಎನ್ನುತ್ತಾರೆ. ಆ ಕ್ಷಣಕ್ಕೆ ಅವರನ್ನು ಘಾಟಿಯಲ್ಲೇ ಇಳಿಸಿಬರಬೇಕು ಅನಿಸುತ್ತದೆ.

ಪಾದದ ಗೆರೆ ಎಳೆದ ಹಾಳೆಗಳನ್ನು ಅವರು ಎಸೆಯುವುದಿಲ್ಲ. ಹೆಸರು, ತಾರೀಖು ಬರೆದು ಒಂದು ಫೈಲಿನಲ್ಲಿ ಇಟ್ಟಿದ್ದಾರೆ. ನಮ್ಮ ವಂಶವೃಕ್ಷದ ಎಲೆಗಳೆಲ್ಲ ಅಲ್ಲಿ ಪಾದಗಳಾಗಿವೆ. ಒಮ್ಮೆ ತಮಾಷೆಗೆ ತಿರುವಿ ಹಾಕುವಾಗ ಅಮ್ಮನದು ಸಿಕ್ಕಿತು. ಹೆಬ್ಬೆರಳಿನ ಗಿಣ್ಣು ಹೊರಕ್ಕೆ ಚಾಚಿ, ಬೆರಳು ಪಕ್ಕದ ಬೆರಳಿನ ಮೇಲೆ ಏರಿದೆ. ಮನೆಯಲ್ಲಿ ಅಮ್ಮನ ಫೋಟೋಗಳು ಬೇಕಾದಷ್ಟಿವೆ. ಒಂದರಲ್ಲೂ ಪಾದ ಇಲ್ಲ. ಹಬ್ಬಹಬ್ಬಕ್ಕೂ ಆ ಕಾಲು ಮುಟ್ಟಿ ನಮಸ್ಕಾರ ಮಾಡಿದವರು ನಾವು. ಆ ಗಿಣ್ಣು ನೋಯುತ್ತಿತ್ತೇ ಎಂದು ಕೇಳಿದವರು ಭಾವನವರೊಬ್ಬರೇ. ಸಂಬಳ ಎಷ್ಟು, ಸೈಟು ಎಲ್ಲಿ ಎಂದು ಕೇಳುವ ನೆಂಟರ ನಡುವೆ, ಹೇಗೆ ನಡೆಯುತ್ತಿದ್ದೀಯ ಎಂದು ಕೇಳುವವರು ಮನೆಗೊಬ್ಬರಾದರೂ ಇರಬೇಕು. ಇಬ್ಬರಿದ್ದರೆ ಕಷ್ಟ.

ನಮ್ಮಲ್ಲಿ ಈಗ ಇಬ್ಬರಾಗಿದ್ದಾರೆ. ಇಡೀ ಬಳಗಕ್ಕೆ ಶೂ ಹಾಕಿಸಿದ ಭಾವನವರು ಬಹುಕಾಲ ಸೋತದ್ದು ಅಕ್ಕನ ಮುಂದೆ. ವಿಟ್ರಿಫೈಡ್ ಟೈಲ್ಸಿನ ಮೇಲೆ ಬರಿಗಾಲಲ್ಲಿ ನಿಂತು ಅಡುಗೆ ಮಾಡಿ, ರಾತ್ರಿ ಅಂಗಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದಳು. ಆದರೆ ಅಡುಗೆಮನೆಗೆ ಚಪ್ಪಲಿಯೇ? ಶಿವ ಶಿವಾ. ಭಾವನವರು ಎಂಸಿಆರ್ ಜೋಡಿ ತಂದು, ಇದು ಬೀದಿ ಮುಟ್ಟಿಲ್ಲ, ಮುಟ್ಟುವುದೂ ಇಲ್ಲ ಎಂದು ಆಣೆಯಿಟ್ಟರು. ಬಹಳ ಮಾತುಕತೆಯ ಮೇಲೆ ಒಪ್ಪಂದವಾಯಿತು: ದೇವರ ಗೂಡಿನಿಂದ ನಾಲ್ಕು ಟೈಲ್ಸ್ ಆಚೆಗೇ ಬಿಡಬೇಕು, ಹಬ್ಬದ ದಿನ ರಜ.

ಮೊನ್ನೆ ನಾನಿದ್ದಾಗಲೇ ಪಕ್ಕದ ಮನೆಯವರು ಹೆಪ್ಪಿಗೆ ಮೊಸರು ಕೇಳಲು ಕುಂಟುತ್ತಾ ಬಂದರು. ಭಾವನವರು ಕನ್ನಡಕ ಸರಿಮಾಡಿಕೊಂಡು ಬಾಯಿ ತೆರೆದರು. ಒಳಗಿಂದ ಚಪ್ಪಲಿ ಮೆಟ್ಟಿಕೊಂಡೇ ಅಕ್ಕ ಬಂದಳು.

"ರೀ, ನೀವು ಸುಮ್ನಿರಿ. ಅವರಿಗೆ ಇರೋದು ಬೆರಳ ಬುಡದ್ದು, ನಾನು ನೋಡ್ತೀನಿ. ಮೊದ್ಲು ಹೋಗಿ ಒಂದು ಕ್ಯಾಲೆಂಡರ್ ಹಾಳೆ ತನ್ನಿ."

ಭಾವನವರು ಎದ್ದು ಹೋಗಿ ತಂದರು. ಪೆನ್ಸಿಲನ್ನು ಮಾತ್ರ ಕೊಡಲಿಲ್ಲ.