ಗ್ಯಾಂಟ್ ಪಟ್ಟೆ ಮೀಮಾಂಸೆ

ಶಾಸ್ತ್ರಗ್ರಂಥವನ್ನು ‘ಅಥ’ ಶಬ್ದದಿಂದ ಆರಂಭಿಸುವುದು ಪೂರ್ವಾಚಾರ್ಯರ ವಾಡಿಕೆ. ಪ್ರಕೃತ ಶಾಸ್ತ್ರ ಆರಂಭವಾಗುವುದು ‘ಅನ್‌ಟೈಟಲ್ಡ್ ಸ್ಪ್ರೆಡ್‌ಶೀಟ್’ ಎಂಬ ಮಂಗಳ ಶಬ್ದದಿಂದ. ವಿಷಯ: ಗೂಗಲ್ ಷೀಟ್ಸ್‌ನಲ್ಲಿ ಗ್ಯಾಂಟ್ ಚಾರ್ಟ್, ಅಂದರೆ ಯಾವ ಕೆಲಸ ಯಾವಾಗ ಶುರು, ಯಾವಾಗ ಮುಕ್ತಾಯ ಎಂಬುದರ ಪಟ್ಟೆಚಿತ್ರ, ರಚಿಸುವುದು. ಪ್ರಯೋಜನ: ಸೋಮವಾರ ಬೆಳಗಿನ ಮೀಟಿಂಗು. ಸಂಬಂಧ: ಚಾರ್ಟಿಗೂ ಕೆಲಸಕ್ಕೂ ಇರುವಂಥದ್ದು, ಇದು ವಿವಾದಗ್ರಸ್ತವಾದ್ದರಿಂದ ಮುಂದೆ ವಿಚಾರಿಸಲಾಗುವುದು. ಇನ್ನು ಅಧಿಕಾರಿ ಯಾರು? ವೇದಾಂತದಲ್ಲಾದರೆ ಶಮದಮಾದಿಗಳನ್ನು ಸಾಧಿಸಿಕೊಂಡವರು. ಇಲ್ಲಿ ‘ಎಡಿಟರ್’ ಅನುಮತಿ ಪಡೆದವರು. ‘ವ್ಯೂವರ್’ಗಳಿಗೆ ದರ್ಶನ ಮಾತ್ರ. ‘ಕಾಮೆಂಟರ್’ಗಳು ಅಂಚಿನಲ್ಲಿ ನಿಂತು ಗೊಣಗಬಹುದು, ಒಳಗೆ ಕೈಹಾಕುವಂತಿಲ್ಲ. ಲಿಂಕ್ ಸಿಕ್ಕವರೆಲ್ಲ ಬರಲಿ ಎಂದು ಬಾಗಿಲು ತೆರೆದಿಟ್ಟರೆ ಅನಾಮಿಕ ಕ್ಯಾಪಿಬರಾ, ಅನಾಮಿಕ ಆಕ್ಸಲಾಟಲ್ ಮೊದಲಾದ ಜೀವಿಗಳೂ ಬಂದು ಮೇಲಿನ ಮೂಲೆಯಲ್ಲಿ ಕೂರುತ್ತವೆ. ಆ ಕ್ಯಾಪಿಬರಾ ಯಾರೆಂದು ಆಫೀಸಿಗೆಲ್ಲ ಗೊತ್ತು, ಹೇಳುವವರಿಲ್ಲ.

ಈಗ ಮೂಲಪುರುಷ ವಿಚಾರ. ಕಾಲವನ್ನು ಅಡ್ಡಗೆರೆಯಾಗಿ ಎಳೆದವರಲ್ಲಿ ಇಂಗ್ಲೆಂಡಿನ ಜೋಸೆಫ್ ಪ್ರೀಸ್ಟ್ಲಿ ಅಗ್ರಗಣ್ಯ. 1765ರಲ್ಲಿ ಆತ ಸುಮಾರು 2,000 ಜನ ಪ್ರಸಿದ್ಧರ ಆಯುಷ್ಯವನ್ನು ಒಂದೇ ಹಾಳೆಯಲ್ಲಿ ಗೆರೆಗಳಾಗಿ ಅಚ್ಚು ಹಾಕಿಸಿದ. ಆ ಜನರಲ್ಲಿ ಬಹುಪಾಲು ಮಂದಿ ಆಗಲೇ ತೀರಿಕೊಂಡಿದ್ದರಿಂದ ಮುಕ್ತಾಯದ ತಾರೀಖು ಮುಂದೆ ಹೋಗುವ ಭಯವಿರಲಿಲ್ಲ. ಆದರೂ ಜನನವೋ ಮರಣವೋ ಖಚಿತವಿಲ್ಲದ ಕಡೆ ಗೆರೆಯ ಬದಲು ಚುಕ್ಕೆ ಇಟ್ಟ. ಆ ವಿನಯ ಆಮೇಲಿನವರಿಗೆ ಬರಲಿಲ್ಲ. 1896ರಲ್ಲಿ ಪೋಲೆಂಡಿನ ಎಂಜಿನಿಯರ್ ಕರೋಲ್ ಆದಾಮಿಯೆಟ್ಸ್ಕಿ ‘ಹಾರ್ಮೊನೊಗ್ರಾಮ್’ ಎಂಬುದನ್ನು ರೂಪಿಸಿದ. ಒಂದೊಂದು ಕೆಲಸಕ್ಕೆ ಒಂದೊಂದು ಕಾಗದದ ಪಟ್ಟಿ, ಜರುಗಿಸಿದರೆ ಜರುಗುವಂಥದ್ದು. ಬರೆದದ್ದು ಪೋಲಿಷ್ ಮತ್ತು ರಷ್ಯನ್ ಭಾಷೆಯಲ್ಲಾದ್ದರಿಂದ ಇಂಗ್ಲಿಷ್ ಜಗತ್ತಿಗೆ ಕಾಣಲಿಲ್ಲ. ಕೀರ್ತಿ ಹೋದದ್ದು ಅಮೆರಿಕದ ಮೇರಿಲ್ಯಾಂಡಿನಲ್ಲಿ 1861ರಲ್ಲಿ ಹುಟ್ಟಿದ ಹೆನ್ರಿ ಗ್ಯಾಂಟ್‌ಗೆ. (ಕನ್ನಡದಲ್ಲಿ ಬರೆಯುವ ನಮಗೆ ಆದಾಮಿಯೆಟ್ಸ್ಕಿಯ ಮೇಲೆ ಸಹಜವಾಗಿಯೇ ಹೆಚ್ಚು ಪ್ರೀತಿ.)

ಇಲ್ಲಿ ಪೂರ್ವಪಕ್ಷದವರು ಎದ್ದು ನಿಲ್ಲುತ್ತಾರೆ. ಇದೆಲ್ಲ ನಮ್ಮಲ್ಲಿ ಮೊದಲೇ ಇತ್ತಲ್ಲ, ವಿಂಶೋತ್ತರಿ ದಶೆ ಎಂದರೆ ಮತ್ತೇನು ಎನ್ನುತ್ತಾರೆ. ವಾದ ತೆಗೆದುಹಾಕುವಂಥದ್ದಲ್ಲ. ಕೇತು 7, ಶುಕ್ರ 20, ರವಿ 6, ಚಂದ್ರ 10, ಕುಜ 7, ರಾಹು 18, ಗುರು 16, ಶನಿ 19, ಬುಧ 17: ಒಂಬತ್ತು ಟಾಸ್ಕು, ಒಟ್ಟು 120 ವರ್ಷ. ಒಂದು ಮುಗಿದೊಡನೆ ಇನ್ನೊಂದು. ಪ್ರತಿಯೊಂದರ ಹೊಟ್ಟೆಯಲ್ಲೂ ಒಂಬತ್ತು ಭುಕ್ತಿಗಳೆಂಬ ಸಬ್‌ಟಾಸ್ಕು. ಮಗು ಹುಟ್ಟುವ ಹೊತ್ತಿಗೇ ಮೊದಲ ದಶೆಯಲ್ಲಿ ಅಷ್ಟಿಷ್ಟು ಕಳೆದಿರುತ್ತದೆ. ಕೆಲಸ ಶುರುವಾದ ದಿನವೇ ಕ್ಲೈಂಟಿಗೆ ‘ಹತ್ತು ಪರ್ಸೆಂಟ್ ಆಗಿದೆ’ ಎಂದು ತೋರಿಸುವ ಸಂಪ್ರದಾಯಕ್ಕೆ ಇದೇ ಪ್ರಮಾಣ. ಎಲ್ಲ ಸರಿ. ಆದರೂ ಒಪ್ಪಲಾಗದು. ಏಕೆಂದರೆ ಶನಿದಶೆ 19 ವರ್ಷವೆಂದರೆ 19 ವರ್ಷ. ಜನ ಸಾಲದು ಎಂದು ಶನಿ ಇನ್ನೆರಡು ವರ್ಷ ಕೇಳಿದ ಉದಾಹರಣೆ ಇಲ್ಲ. ಶುಕ್ರನನ್ನೂ ಜತೆಗೇ ಪ್ಯಾರಲಲ್ ಓಡಿಸಿಬಿಡಿ ಅಂದರೆ ಜೋಯಿಸರು ಕವಡೆ ಎತ್ತಿಟ್ಟು ಎದ್ದುಹೋಗುತ್ತಾರೆ. ಮುಕ್ತಾಯದ ತಾರೀಖು ಕದಲದ ಯಾವುದನ್ನೂ ಗ್ಯಾಂಟ್ ಚಾರ್ಟ್ ಎನ್ನಲಾಗದು ಎಂದು ಸಿದ್ಧಾಂತ.

ರಚನಾವಿಧಿ ಹೀಗಿದೆ. ಮೊದಲ ಕಾಲಮ್ಮಿನಲ್ಲಿ ಕೆಲಸದ ಹೆಸರು, ಎರಡನೆಯದರಲ್ಲಿ ಆರಂಭ, ಮೂರನೆಯದರಲ್ಲಿ ಎಷ್ಟು ದಿನ. ಇವನ್ನು ಆರಿಸಿ ಸ್ಟ್ಯಾಕ್ಡ್ ಬಾರ್ ಚಾರ್ಟ್ ಹಾಕಿದರೆ ಪ್ರತಿ ಸಾಲಿನಲ್ಲೂ ಎರಡು ಪಟ್ಟೆ ಒಂದಕ್ಕೊಂದು ಅಂಟಿಕೊಂಡು ಬರುತ್ತವೆ: ಕೆಲಸ ಶುರುವಾಗುವವರೆಗಿನ ಪಟ್ಟೆ ಮತ್ತು ಕೆಲಸದ ಪಟ್ಟೆ. ಮೊದಲನೆಯದರ ಬಣ್ಣ ತೆಗೆದು ಕಾಣದಂತೆ ಮಾಡಬೇಕು. ಆಗ ಕೆಲಸದ ಪಟ್ಟೆ ಆಧಾರವಿಲ್ಲದೆ ಆಕಾಶದಲ್ಲಿ ತೇಲುವಂತೆ ಕಾಣುತ್ತದೆ. ಕೆಲಸ ನಿಜಕ್ಕೂ ಆಧಾರವಿಲ್ಲದೆ ತೇಲುತ್ತಿರುವಾಗ ಈ ಚಿತ್ರ ಯಥಾರ್ಥವೇ ಆಗಿದೆ ಎಂದು ಒಂದು ಪಕ್ಷ.

ಹೊಸಬರು ಎಡವುವುದು ಇಲ್ಲೇ. ಆರಂಭದ ತಾರೀಖನ್ನು ಹಾಗೇ ಕೊಟ್ಟುಬಿಡುತ್ತಾರೆ. ಗೂಗಲ್ ಷೀಟ್ಸಿಗೆ ತಾರೀಖು ಎಂದರೆ ಬರೀ ಎಣಿಕೆ. ಅದರ ಸೊನ್ನೆ ಇರುವುದು 1899ರ ಡಿಸೆಂಬರ್ 30ರಂದು. ಹೀಗಾಗಿ ಮುಂದಿನ ತಿಂಗಳು ಶುರುವಾಗಬೇಕಾದ ಮೊಬೈಲ್ ಆ್ಯಪ್ ಒಂದರ ಕಾಣದ ಪಟ್ಟೆ 45,000ಕ್ಕೂ ಹೆಚ್ಚು ದಿನ ಉದ್ದವಾಗಿ ಮಲಗುತ್ತದೆ. ನಿಜವಾದ ಕೆಲಸ ಬಲಗಡೆಯ ಅಂಚಿನಲ್ಲಿ ಉಗುರಿನ ಚೂರಿನಷ್ಟು ಕಾಣುತ್ತದೆ. ಬೆಂಗಳೂರಿಗೆ ವಿದ್ಯುದ್ದೀಪ ಬಂದದ್ದು 1905ರಲ್ಲಿ. ಊರಿಗೆ ಕರೆಂಟ್ ಬರುವ ಮೊದಲೇ ಅದೇ ಊರಿನ ಆ್ಯಪ್‌ಗೆ ಕಾಲಗಣನೆ ಆರಂಭವಾಗಿತ್ತೆಂಬುದು ಹೆಮ್ಮೆಯ ಸಂಗತಿಯೇ ಆದರೂ ಮೀಟಿಂಗಿನಲ್ಲಿ ನಡೆಯುವುದಿಲ್ಲ. ಆರಂಭದಿಂದ ಪ್ರಾಜೆಕ್ಟಿನ ಮೊದಲ ದಿನವನ್ನು ಕಳೆದು, ಉಳಿದದ್ದನ್ನು ಚಾರ್ಟಿಗೆ ಕೊಡುವುದೇ ಪರಿಹಾರ.

ಪಂಥಭೇದಗಳು ಉಂಟು. ಸ್ಪಾರ್ಕ್‌ಲೈನ್ ಪಂಥದವರು ಒಂದೇ ಸೆಲ್ಲಿನೊಳಗೆ ಪಟ್ಟೆ ಎಳೆದು, ಮೊದಲ ತುಂಡಿಗೆ ಬಿಳಿ ಬಣ್ಣ ಬಳಿದು, ಇಲ್ಲವೆನ್ನುತ್ತಾರೆ. ಮೇಲೆ ಹೇಳಿದ ಅದೃಶ್ಯವಾದಿಗಳು ಇದನ್ನು ಖಂಡಿಸುವುದು ಸಾಧುವೇ: ಬಿಳಿ ಬಳಿದದ್ದು ಇಲ್ಲವಾಗುವುದಿಲ್ಲ, ಯಾರಾದರೂ ಆ ಸಾಲಿಗೆ ಹಳದಿ ತುಂಬಿದೊಡನೆ ಬಯಲಾಗುತ್ತದೆ. ಕಂಡೀಷನಲ್ ಫಾರ್ಮ್ಯಾಟಿಂಗ್ ಪಂಥದವರು ದಿನಕ್ಕೊಂದು ಕಾಲಮ್ ಇಟ್ಟು, ತಾರೀಖು ಆರಂಭ-ಅಂತ್ಯಗಳ ನಡುವೆ ಬಿದ್ದರೆ ಸೆಲ್ಲಿಗೆ ಬಣ್ಣ ಬರುವಂತೆ ಮಾಡುತ್ತಾರೆ. ಆರು ತಿಂಗಳ ಕೆಲಸವಾದರೆ ನವೆಂಬರ್ ನೋಡುವುದಕ್ಕೆ ಬಲಕ್ಕೆ ಸರಿಸುತ್ತಾ ಸರಿಸುತ್ತಾ ಹೋಗಬೇಕು. ಇದನ್ನು ಅವರು ತಪಸ್ಸೆಂದು ಬಗೆದಿದ್ದಾರೆ. 2022ರಲ್ಲಿ ಗೂಗಲ್ ತಾನೇ ‘ಟೈಮ್‌ಲೈನ್’ ಎಂಬ ನೋಟವನ್ನು ಕೊಟ್ಟಿತು. ಇಷ್ಟು ಸುಲಭವಾಗಿ ಸಿಗುವುದರಲ್ಲಿ ಶಾಸ್ತ್ರಕ್ಕೆ ಕೆಲಸವಿಲ್ಲವಾದ್ದರಿಂದ ಮುಂದಕ್ಕೆ ಹೋಗೋಣ.

ರಜಾ ಪ್ರಕರಣ ಸೂಕ್ಷ್ಮವಾದದ್ದು. ನೆಟ್‌ವರ್ಕ್‌ಡೇಸ್ ಎಂಬ ಫಾರ್ಮುಲಾ ಶನಿವಾರ ಭಾನುವಾರಗಳನ್ನು ಬಿಟ್ಟು ಕೆಲಸದ ದಿನ ಎಣಿಸುತ್ತದೆ. ಆದರೆ ಕರ್ನಾಟಕ ಸರ್ಕಾರದ ಕಚೇರಿಗಳಿಗೆ ರಜೆ ಇರುವುದು ಎರಡನೇ ಮತ್ತು ನಾಲ್ಕನೇ ಶನಿವಾರ. ಮೊದಲನೆಯ ಮೂರನೆಯ ಶನಿವಾರಗಳ ಮರ್ಮ ಅದಕ್ಕೆ ತಿಳಿಯದು. ಭಾನುವಾರ ಮಾತ್ರ ವಾರದ ರಜೆ ಎಂದು ಅದರ ಸೋದರ ಫಾರ್ಮುಲಾಕ್ಕೆ ಹೇಳಿ, ಬೇಕಾದ ಶನಿವಾರಗಳನ್ನು ಹಬ್ಬಗಳ ಪಟ್ಟಿಗೆ ಕೈಯಾರೆ ಸೇರಿಸಬೇಕು. ಹೀಗೆ ಎರಡನೇ ಶನಿವಾರಕ್ಕೆ ಯುಗಾದಿಯ ಪಕ್ಕದಲ್ಲಿ ಸ್ಥಾನ ದೊರೆಯುತ್ತದೆ. ಆಯುಧಪೂಜೆಯದು ಬೇರೆಯೇ ಸಮಸ್ಯೆ: ಆ ದಿನ ಲ್ಯಾಪ್‌ಟಾಪಿಗೇ ಕುಂಕುಮವಿಟ್ಟಿರುವುದರಿಂದ ರಜೆಯೆಂದು ಗುರುತು ಹಾಕುವುದಕ್ಕೂ ಅದನ್ನು ಮುಟ್ಟುವಂತಿಲ್ಲ.

ಇನ್ನು ತಾರೀಖಿನ ಬರವಣಿಗೆ. ಷೀಟಿನ ಲೊಕೇಲ್ ಅಮೆರಿಕವೆಂದಿದ್ದರೆ ನೀವು ಬರೆದ 03/04 ಏಪ್ರಿಲ್ 3 ಆಗುವುದಿಲ್ಲ, ಮಾರ್ಚ್ 4 ಆಗುತ್ತದೆ. ಇನ್ನೂ ತೀರ್ಮಾನವಾಗದ ಕೆಲಸ ಕಳೆದ ತಿಂಗಳೇ ಆರಂಭವಾಗಿಬಿಡುತ್ತದೆ. 04/13 ಎಂದು ಅಲ್ಲಿಯವರು ಬರೆದದ್ದು ಇಲ್ಲಿನ ಷೀಟಿಗೆ ಹದಿಮೂರನೇ ತಿಂಗಳು. ಪಂಚಾಂಗದವರಾದರೆ ಅಧಿಕಮಾಸವೆಂದು ಒಪ್ಪಿಕೊಂಡಿರುತ್ತಿದ್ದರು. ಷೀಟ್ ಒಪ್ಪದೆ ಅದನ್ನು ಬರೀ ಅಕ್ಷರವೆಂದು ಎಡಕ್ಕೆ ತಳ್ಳುತ್ತದೆ, ಪಟ್ಟೆ ಮಾಯವಾಗುತ್ತದೆ.

ಎಲ್ಲಕ್ಕಿಂತ ಗಹನವಾದದ್ದು ಪರಂಪರಾ ಪ್ರಕರಣ. ಒಂದು ಕೆಲಸ ಮುಗಿದ ಮಾರನೇ ದಿನ ಇನ್ನೊಂದು ಶುರು ಎಂದು ಫಾರ್ಮುಲಾ ಬರೆದಿಟ್ಟರೆ, ಡಿಸೈನ್ ಒಂದು ವಾರ ತಡವಾದಾಗ ಡೆವಲಪ್‌ಮೆಂಟ್, ಟೆಸ್ಟಿಂಗ್, ಗೋ-ಲೈವ್ ಎಲ್ಲವೂ ಒಂದು ವಾರ ಮುಂದೆ ಸರಿಯುತ್ತವೆ. ತರ್ಕಶುದ್ಧವಾದ ಈ ಫಲವನ್ನು ಕಂಡು ಮ್ಯಾನೇಜರ್ ಹೌಹಾರುತ್ತಾರೆ.

‘ಗೋ-ಲೈವ್ ಯಾಕ್ರೀ ಮುಂದೆ ಹೋಯ್ತು?’

‘ತಾನಾಗೇ ಹೋಗಿದ್ದು ಸರ್. ಫಾರ್ಮುಲಾ.’

‘ಟೆಸ್ಟಿಂಗ್ ಎಷ್ಟು ದಿನ ಹಾಕಿದೀರಿ?’

‘ಮೂರು ವಾರ ಸರ್.’

‘ಎರಡು ಅಂತ ಹಾಕಿ. ನೋಡೋಣ.’

ಆಮೇಲೆ ಯಾರೋ ಗೋ-ಲೈವ್ ಸೆಲ್ಲಿನಲ್ಲಿದ್ದ ಫಾರ್ಮುಲಾದ ಮೇಲೆಯೇ ಹಳೆಯ ತಾರೀಖನ್ನು ಟೈಪ್ ಮಾಡುತ್ತಾರೆ. ಅಲ್ಲಿಗೆ ಪರಂಪರೆ ಕಡಿಯಿತು. ಇನ್ನು ಡಿಸೈನ್ ಎಷ್ಟೇ ತಡವಾಗಲಿ, ಗೋ-ಲೈವ್ ಕದಲುವುದಿಲ್ಲ. ನಡುವೆ ಸಿಕ್ಕಿಕೊಂಡ ಟೆಸ್ಟಿಂಗ್ ಪಟ್ಟೆ ವಾರವಾರವೂ ಸಣ್ಣಗಾಗುತ್ತ, ಒಂದು ದಿನ ಗೆರೆಯಾಗಿ, ಕಡೆಗೆ ಋಣಸಂಖ್ಯೆಯಾಗಿ, ಆರಂಭವಾಗುವ ಮೊದಲೇ ಮುಗಿದ ಕೆಲಸವೆಂಬ ಪದವಿಯನ್ನು ಮುಟ್ಟುತ್ತದೆ.

ಇದು ಮನುಷ್ಯ ಸ್ವಭಾವವೋ ಷೀಟಿನ ದೋಷವೋ? ಡ್ಯಾನ್ ಬ್ರಿಕ್ಲಿನ್ ಮತ್ತು ಬಾಬ್ ಫ್ರಾಂಕ್‌ಸ್ಟನ್ ಅವರ ವಿಸಿಕ್ಯಾಲ್ಕ್ ಎಂಬ ಸ್ಪ್ರೆಡ್‌ಶೀಟ್ ಮಾರುಕಟ್ಟೆಗೆ ಬಂದದ್ದು 1979ರಲ್ಲಿ. ಜನ ತಮ್ಮ ಕೆಲಸಕ್ಕೆ ಬೇಕಾದ ಸಮಯವನ್ನು ಸಾಮಾನ್ಯವಾಗಿ ಕಡಿಮೆಯೆಂದೇ ಅಂದಾಜಿಸುತ್ತಾರೆ ಎಂದು ಮನೋವಿಜ್ಞಾನಿಗಳಾದ ಕಾನೆಮನ್ ಮತ್ತು ಟ್ವರ್ಸ್ಕಿ ಪ್ರಕಟಿಸಿದ್ದೂ ಅದೇ 1979ರಲ್ಲಿ. ತಡವಾಗುತ್ತದೆಂದು ಗೊತ್ತಿಟ್ಟುಕೊಂಡು ಲೆಕ್ಕ ಹಾಕಿದರೂ ತಡವಾಗುತ್ತದೆ ಎಂಬ ನಿಯಮವನ್ನು ಲೇಖಕ ಡಗ್ಲಾಸ್ ಹಾಫ್‌ಸ್ಟ್ಯಾಡರ್ ತನ್ನ ಪುಸ್ತಕದಲ್ಲಿ ಬರೆದದ್ದೂ ಅದೇ ವರ್ಷ. ರೋಗ, ನಿದಾನ, ರೋಗ ಹರಡುವ ವಾಹನ ಮೂರೂ ಒಟ್ಟಿಗೆ ಅವತರಿಸಿದವು. ಇನ್ನೊಂದು ಯೋಗ: ಗೂಗಲ್‌ನ ಸ್ಪ್ರೆಡ್‌ಶೀಟ್ ಹೊರಬಂದದ್ದು 2006ರ ಜೂನ್‌ನಲ್ಲಿ, ನಮ್ಮ ಮೆಟ್ರೋಗೆ ಶಂಕುಸ್ಥಾಪನೆ ಆದದ್ದೂ ಅದೇ ಜೂನ್‌ನಲ್ಲಿ. ಮೊದಲ ರೈಲು ಓಡಿದ್ದು 2011ರ ಅಕ್ಟೋಬರ್‌ನಲ್ಲಿ, ಮೊದಲ ಹಂತ ಪೂರ್ತಿಯಾದದ್ದು 2017ರಲ್ಲಿ. ಕಾರ್ಯಕಾರಣ ಸಂಬಂಧ ಇದೆಯೆಂದು ನಾವು ಹೇಳುತ್ತಿಲ್ಲ. ಜೂನ್ ತಿಂಗಳನ್ನು ಮಾತ್ರ ಗಮನಿಸಬೇಕು.

ಈಗ ಬಾಕಿ ಉಳಿಸಿಕೊಂಡ ಪ್ರಶ್ನೆ: ಚಾರ್ಟಿಗೂ ಕೆಲಸಕ್ಕೂ ಏನು ಸಂಬಂಧ? ಗ್ಯಾಂಟ್ 1910ರ ತನ್ನ ಪುಸ್ತಕದಲ್ಲಿ ಕೊಟ್ಟ ಕೂಲಿಕಾರರ ಚಾರ್ಟುಗಳು ಮುಂದಾಗಬೇಕಾದ್ದನ್ನು ಹೇಳುವಂಥವಲ್ಲ. ಆ ದಿನ ಗೊತ್ತುಮಾಡಿದಷ್ಟು ಕೆಲಸ ಮುಗಿಸಿ ಬೋನಸ್ ಗಳಿಸಿದ್ದರೆ ಕಪ್ಪು, ಇಲ್ಲದಿದ್ದರೆ ಕೆಂಪು. ಆದದ್ದರ ಲೆಕ್ಕ ಅದು, ಮತ್ತು ಮಾರನೇ ದಿನ ಬಣ್ಣ ಬದಲಿಸುವ ಹಾಗಿರಲಿಲ್ಲ. ನಮ್ಮ ಷೀಟಿನಲ್ಲಿ ಆದದ್ದು ಯಾವುದೂ ಉಳಿಯುವುದಿಲ್ಲ. ತಪ್ಪಿದ ತಾರೀಖನ್ನು ಹೊಸ ತಾರೀಖು ನುಂಗಿ, ಪಟ್ಟೆ ಯಾವಾಗ ನೋಡಿದರೂ ಹಸಿರಾಗಿ, ಎಲ್ಲವೂ ಸಕಾಲದಲ್ಲಿ ನಡೆಯುತ್ತಿರುವಂತೆ ಕಾಣುತ್ತದೆ. ಹಾಗಾದರೆ ಗ್ಯಾಂಟನ ಚಾರ್ಟ್ ಈ ಷೀಟಿನಲ್ಲಿ ಎಲ್ಲಿದೆ? ‘ವರ್ಶನ್ ಹಿಸ್ಟರಿ’ಯಲ್ಲಿದೆ. ಗೋ-ಲೈವ್ ಸೆಲ್ಲಿನ ಮೇಲೆ ರೈಟ್ ಕ್ಲಿಕ್ ಮಾಡಿ ‘ಶೋ ಎಡಿಟ್ ಹಿಸ್ಟರಿ’ ಒತ್ತಿದರೆ ಯಾವ ತಾರೀಖು ಹೋಗಿ ಯಾವುದು ಬಂತು, ಯಾರ ಕೈಯಿಂದ, ರಾತ್ರಿ ಎಷ್ಟು ಗಂಟೆಗೆ ಎಂಬುದೆಲ್ಲ ಒಂದೊಂದಾಗಿ ಹಿಂದಕ್ಕೆ ತೆರೆದುಕೊಳ್ಳುತ್ತದೆ. ಬಣ್ಣವಿಲ್ಲ, ಪಟ್ಟೆಯಿಲ್ಲ, ಮೀಟಿಂಗಿನಲ್ಲಿ ಸ್ಕ್ರೀನ್ ಶೇರ್ ಮಾಡಿ ಇದನ್ನು ತೋರಿಸಿದವರನ್ನು ನಾವು ಕಂಡಿಲ್ಲ.

ತೋರಿಸುವ ಸೂಚನೆ ಯಾರಾದರೂ ಕೊಟ್ಟರೆ ಅದಕ್ಕೂ ಪ್ರಾಯಶ್ಚಿತ್ತ ವಿಧಿ ಇದೆ. ಫೈಲ್ ಮೆನುವಿನಲ್ಲಿ ‘ಮೇಕ್ ಎ ಕಾಪಿ’. ಕಾಪಿಗೆ ಹಳೆಯ ಇತಿಹಾಸ ಬರುವುದಿಲ್ಲ. ‘ಫೈನಲ್ ರಿವೈಸ್ಡ್’ ಎಂದು ಹೆಸರಿಟ್ಟು ಎಲ್ಲರಿಗೂ ಹೊಸ ಲಿಂಕ್ ಕಳಿಸುತ್ತಾರೆ. ಅದರಲ್ಲಿ ಟೆಸ್ಟಿಂಗಿಗೆ ಮತ್ತೆ ಮೂರು ವಾರ ಕೊಟ್ಟಿರುತ್ತಾರೆ.