ಎಂಟು ಕಣ್ಣಿನ ನಟಿ

ಗುಬ್ಬಿ ವೀರಣ್ಣನವರು ‘ಕುರುಕ್ಷೇತ್ರ’ ನಾಟಕಕ್ಕೆ ಆನೆ, ಕುದುರೆಗಳನ್ನೇ ತಂದು ನಿಲ್ಲಿಸಿದವರು. ಅದೇ ಗುಬ್ಬಿಯ ಅಡಿಕೆ ತೋಟದಲ್ಲಿ ನನ್ನ ಭಾವಮೈದುನ ನೆಲಕ್ಕೆ ಹೊಟ್ಟೆ ಹಚ್ಚಿ, ಅಕ್ಕಿಕಾಳಿನಷ್ಟಿರುವ ಜಿಗಿಯುವ ಜೇಡಕ್ಕೆ ‘ಸ್ವಲ್ಪ ಈ ಕಡೆ ನೋಡಮ್ಮಾ’ ಎಂದು ಗೋಗರೆಯುತ್ತಾನೆ. ಅದು ನೋಡುತ್ತದೆ, ಎಂಟು ಕಣ್ಣಿನ ಕುಟುಂಬವಲ್ಲವೇ! ನೋಡಿ, ಲೆನ್ಸಿನ ಮೇಲೇ ಹಾರುತ್ತದೆ. ಅಷ್ಟು ಹತ್ತಿರದಲ್ಲಿ ಫೋಕಸ್ಸು ಸಿಗುವುದು ಕೂದಲೆಳೆಯಷ್ಟು ಜಾಗಕ್ಕೆ. ಇವನು ಉಸಿರು ಬಿಟ್ಟರೆ ಕಣ್ಣು ಮಸುಕು, ಹಿಂಗಾಲು ಸ್ಪಷ್ಟ.

ಕುಣಿಗಲ್ಲಿನಲ್ಲಿ ಊರೆಲ್ಲ ಕುದುರೆ ಫಾರಂ ಕಡೆ ಕಣ್ಣು ಹಾಯಿಸಿದರೆ ಇವನ ತಲೆ ಬೇಲಿಯೊಳಗೆ. ‘ಏನ್ ಕಳ್ಕೊಂಡ್ರಿ ಸ್ವಾಮಿ?’ ಎಂದು ದಾರಿಹೋಕರ ಕನಿಕರ ಬೇರೆ.

ತುಮಕೂರಿನ ನಮ್ಮ ಮನೆಯಲ್ಲಿ ಹಬ್ಬದ ಧೂಳು ಹೊಡೆಯುವ ದಿನ ಯುದ್ಧವೇ.

‘ಅಕ್ಕಾ, ಆ ಬಲೆ ತೆಗೀಬೇಡ, ಬೆಳಕು ಚೆನ್ನಾಗಿ ಬಿದ್ದಿದೆ!’

‘ಹಂಗಾದ್ರೆ ನಿನ್ನ ನಟಿಗೆ ದೇವರಾಯನದುರ್ಗದಲ್ಲಿ ಬಾಡಿಗೆ ಮನೆ ಹುಡುಕೋ. ಅಡ್ವಾನ್ಸು ನಿಮ್ಮ ಭಾವ ಕೊಡ್ತಾರೆ.’