ಚಿಕ್ಕಪ್ಪನಿಗೆ 24 ಬೈಟು

ಹಳೆಯ ಹಾರ್ಡ್ ಡಿಸ್ಕು ಕರಕರ ಅನ್ನತೊಡಗಿದ ಮೇಲೆ ಮನೆಗೊಂದು ನ್ಯಾಸ್, ಅಂದರೆ ಮನೆಯ ನೆಟ್‌ವರ್ಕಿಗೆ ಜೋಡಿಸುವ ಡಿಸ್ಕುಪೆಟ್ಟಿಗೆ, ತಂದೆ. ಒಳಗೆ 4 ಟಿಬಿಯ ಎರಡು ಡಿಸ್ಕು. ಒಂದರಲ್ಲಿ ಬರೆದದ್ದೇ ಇನ್ನೊಂದರಲ್ಲೂ. ಲ್ಯಾಪ್‌ಟಾಪ್ ಮಾತ್ರ ಜಾಗ 3.6 ಚಿಲ್ಲರೆ ಎಂದು ತೋರಿಸಿತು. ಅಂಗಡಿಯವನು ತೂಕದಲ್ಲಿ ಹೊಡೆದಿದ್ದಾನೆ ಎಂದು ಅಪ್ಪನ ತೀರ್ಪು. ಡಿಸ್ಕು ಮಾಡುವವರು ಸಾವಿರದ ಲೆಕ್ಕದಲ್ಲಿ ಅಳೆಯುತ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ ಎಂದು ವಿವರಿಸಿದೆ. "ತೂಕದಲ್ಲಿ ಹೊಡೆಯೋದು ಅಂದ್ರೆ ಅದೇ" ಎಂದರು.

ಹಳೆಯ ಡಿಸ್ಕಿನ ಫೈಲುಗಳನ್ನು ಇದಕ್ಕೆ ಸಾಗಿಸಲು ಕಟ್ ಬೇಡ, ಕಾಪಿಯೇ ಮಾಡಬೇಕು. ವೈಫೈ ಬೇಡ, ಲ್ಯಾನ್ ಕೇಬಲ್ಲೇ ಇರಲಿ. ಇಷ್ಟೆಲ್ಲ ಓದಿಕೊಂಡು ಮದುವೆಮನೆಯ ಉಗ್ರಾಣ ವಹಿಸಿಕೊಂಡವನ ಗತ್ತಿನಲ್ಲಿ ಕೂತೆ. ಹಸಿರು ಪಟ್ಟಿ ಸರಾಗ ಓಡಿತು. ನಿಂತದ್ದು ಅಪ್ಪನ ಫೋಲ್ಡರಿನಲ್ಲಿ. ಹೆಸರು ತೀರಾ ಉದ್ದವಂತೆ.

ಅಪ್ಪ ಶಾನುಭೋಗರ ವಂಶದವರು. ಫೋಟೋಗೂ ಮಹಜರನ್ನೇ ಬರೆಯುತ್ತಾರೆ. 'ಶೃಂಗೇರಿಯಿಂದ ವಾಪಸು ಬರುವಾಗ ಕೊಪ್ಪದ ಹತ್ತಿರ ಕಾರು ಕೆಟ್ಟು ನಿಂತಾಗ ಚಿಕ್ಕಪ್ಪ ಛತ್ರಿ ಹಿಡಿದು ನಿಂತಿರುವುದು ಮುಖ ಕಾಣಿಸುವುದಿಲ್ಲ' ಎಂಬುದು ಒಂದೇ ಒಂದು ಫೈಲಿನ ಹೆಸರು. ವಿಂಡೋಸ್ ಇಷ್ಟು ವರ್ಷ ತುಟಿಪಿಟಕ್ಕೆನ್ನದೆ ಸಹಿಸಿತ್ತು. ಅದು ಎಣಿಸುವುದು ಅಕ್ಷರಗಳನ್ನು. ನ್ಯಾಸಿನೊಳಗೆ ಕೂತ ಲಿನಕ್ಸ್ ಎಣಿಸುವುದು ಬೈಟುಗಳನ್ನು, ಹೆಸರೊಂದಕ್ಕೆ 255, ಮುಗಿಯಿತು. ಇಂಗ್ಲಿಷಿನ ಅಕ್ಷರಕ್ಕೆ ಒಂದು ಬೈಟು ಸಾಕು. ಯುಟಿಎಫ್-8ರಲ್ಲಿ ಕನ್ನಡದ 'ಕ'ಗೆ ಮೂರು, ಅದರ ಗುಡಿಸಿಗೆ ಮತ್ತೆ ಮೂರು, ಒತ್ತು ಕೊಟ್ಟರೆ ನಡುವೆ ಕಣ್ಣಿಗೆ ಬೀಳದ ಹಲಂತಕ್ಕೂ ಮೂರು. 'ಅಂಕಲ್' ಎಂದು ಇಂಗ್ಲಿಷಿನಲ್ಲಿ ಬರೆದರೆ 5 ಬೈಟು. ನಮ್ಮ ಚಿಕ್ಕಪ್ಪನಿಗೆ 24. ಮನುಷ್ಯ ಇದ್ದದ್ದೂ ಹಾಗೇ, ಬಸ್ಸಿನಲ್ಲಿ ಎರಡು ಸೀಟು ಬೇಕಾಗುತ್ತಿತ್ತು.

"ಸ್ವಲ್ಪ ಕತ್ತರಿಸೋಣ ಅಪ್ಪ, 'ಕೊಪ್ಪದ ಹತ್ತಿರ' ಬೇಡ."

"ಮತ್ತೆ ಕಾರು ಎಲ್ಲಿ ಕೆಟ್ಟಿತು?"

"'ಶೃಂಗೇರಿಯಿಂದ ವಾಪಸು' ತೆಗೆಯಲಾ?"

"ಹೋಗುವಾಗ ಕೆಟ್ಟಿತು ಅಂತ ಆಗುತ್ತೆ. ದೇವರ ಹೆಸರು ಕೆಡಿಸಬೇಡ."

"'ಮುಖ ಕಾಣಿಸುವುದಿಲ್ಲ' ಅನ್ನೋದು? ನೋಡಿದರೇ ಗೊತ್ತಾಗುತ್ತಲ್ಲ!"

"ಬೇರೆ ಯಾರೋ ಅಂದುಕೊಂಡು ಅಳಿಸಿಬಿಟ್ಟರೆ?"

ಅದಕ್ಕೆ ಉತ್ತರವಿರಲಿಲ್ಲ. ಕ್ಯಾಮೆರಾ ಕಂಡರೆ ಚಿಕ್ಕಪ್ಪ ಏನಾದರೂ ಅಡ್ಡ ಹಿಡಿಯುತ್ತಿದ್ದರು. ಅವರು ಹೋದ ಮೇಲೆ ಹುಡುಕಿದರೆ ಸಿಕ್ಕಿದ್ದು ಇದೊಂದೇ. ನಡುಮನೆಯ ಗೋಡೆಯಲ್ಲಿ ನಾವು ಹಾರ ಹಾಕಿರುವುದು ಛತ್ರಿಗೆ.

ಕೊನೆಗೆ ಫೋಟೋಗೆ ಗಿಡ್ಡ ಹೆಸರಿಟ್ಟು, ಮಹಜರನ್ನು ಪಕ್ಕದಲ್ಲೇ ಒಂದು ಟೆಕ್ಸ್ಟ್ ಫೈಲಿನಲ್ಲಿ ಇಟ್ಟೆವು. ಫೈಲಿನ ಒಳಗೆ 255ರ ಕಟ್ಟಳೆಯಿಲ್ಲ ಎಂದು ತಿಳಿದ ಅಪ್ಪ ಅದನ್ನೀಗ ಪುಟಗಟ್ಟಲೆ ಬೆಳೆಸುತ್ತಿದ್ದಾರೆ. ಮೆಕ್ಯಾನಿಕ್ ಕೇಳಿದ ದುಡ್ಡೂ ದಾಖಲಾಗಿದೆ.

ಇಷ್ಟರಲ್ಲಿ ಬೆಂಗಳೂರಿನ ಭಾವಮೈದುನನ ಫೋನು: "ಎರಡೆರಡು ಡಿಸ್ಕಿದೆಯಲ್ಲ, ಹಳೇದನ್ನ ಗುಜರಿಗೆ ಹಾಕಿ." ಈ ಬುದ್ಧಿವಂತರನ್ನು ಕಂಡರೆ ನನಗಾಗದು. ಕೈತಪ್ಪಿ ಒಂದರಲ್ಲಿ ಅಳಿಸಿದ್ದು ಆ ಕ್ಷಣವೇ ಇನ್ನೊಂದರಲ್ಲೂ ಅಳಿಯುತ್ತದೆ. ಸಿಡಿಲು ಬಡಿದರೆ ಎರಡಕ್ಕೂ ಒಟ್ಟಿಗೇ. ಹಾಗಾಗಿ ಹಳೆಯದು ಬೀರುವಿನಲ್ಲೇ ಇದೆ, ಇನ್ನೊಂದು ಪ್ರತಿ ಶಿವಮೊಗ್ಗದಲ್ಲಿ ತಂಗಿಯ ಮನೆಯಲ್ಲಿದೆ.

ನೀವೂ ಹಳೆಯದನ್ನು ಅಳಿಸುವ ಮುನ್ನ ಎರಡೂ ಕಡೆಯ ಫೈಲುಗಳ ಸಂಖ್ಯೆ ತಾಳೆ ನೋಡಿ, ಅಲ್ಲಲ್ಲಿ ಕೆಲವನ್ನು ತೆರೆದೂ ನೋಡಿ. ಹೆಸರು ಉದ್ದವಾಯಿತೆಂದು ಯಂತ್ರ ತಕರಾರು ತೆಗೆದಾಗ ನೀವು 'ಸ್ಕಿಪ್' ಒತ್ತಿದರೆ, ಅದು ಚಿಕ್ಕಪ್ಪನನ್ನು ಅಲ್ಲೇ ಬಿಟ್ಟು ಮುಂದೆ ಹೋಗುತ್ತದೆ.